ಅತ್ತೆಯ ಆಮೆನ್

ಪಾಸ್ಟರ ಹೆಂಡತಿಯಾದ ಮೇಲೆ ಒಂದು ವಾರವಾದರೂ ಎಡವಟ್ಟಿಲ್ಲದೆ ಕಳೆದದ್ದು ನನಗೆ ನೆನಪಿಲ್ಲ. ಚಿನ್ನದ ಗಣಿ ಊರಿನ ಆಂಡರ್ಸನ್‌ಪೇಟೆಯಲ್ಲಿ ಶೀಟು ಹೊದಿಸಿದ ಪುಟ್ಟ ಪ್ರಾರ್ಥನಾಲಯ ನಮ್ಮದು, ನಾವು ಸಭೆ ಎನ್ನುವುದು ಅದನ್ನೇ. ಅದರ ಹಿಂದೆಯೇ ಮನೆ. ಸಭೆಯಲ್ಲಿ ಆಗಬಾರದ್ದೆಲ್ಲ ಮನೆಯಲ್ಲಿ ಆಗುತ್ತದೆ, ಮನೆಯಲ್ಲಿ ಆಗಬಾರದ್ದು ಸಭೆಯಲ್ಲಿ. ನಮ್ಮ ಮಗಳ ಮದುವೆಯ ಸುತ್ತಮುತ್ತ ನಡೆದ ಒಂದಷ್ಟನ್ನು ಹೇಳುತ್ತೇನೆ. ನೀವು ಧಾರಾಳವಾಗಿ ನಗಬಹುದು, ನನಗಂತೂ ಆಗ ನಗು ಬರಲಿಲ್ಲ.

ನಮ್ಮನೆಯಲ್ಲಿ ಜಗಳವಿಲ್ಲ

ನಮ್ಮ ಮನೆಯಲ್ಲಿ ಯಾರೂ ಜಗಳವಾಡುವುದಿಲ್ಲ. ಪಾಸ್ಟರ ಮನೆಯ ದನಿ ಬೀದಿಗೆ ಕೇಳಬಾರದು ಎಂಬುದು ನಮ್ಮ ಯಜಮಾನರ ಕಟ್ಟಪ್ಪಣೆ. ಹಾಗಾಗಿ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ದೇವರಿಗೆ ಹೇಳುತ್ತೇವೆ. ಒಬ್ಬರು ಪ್ರಾರ್ಥನೆ ಮಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಇದಕ್ಕಿಂತ ಅನುಕೂಲ ಬೇರೆ ಏನಿದೆ?

ನಮ್ಮತ್ತೆ ಕಾಮಸಮುದ್ರದ ಕಡೆಯವರು. ಅವರೇ ಶುರು ಮಾಡುತ್ತಾರೆ. “ಕರ್ತನೇ, ಈ ಮನೇಲಿ ಸಾರಿಗೆ ಉಪ್ಪಾಕೋರ್ಗೆ ಒಂಚೂರು ಗ್ಯಾನ ಕೊಡಪ್ಪಾ.” ನನ್ನ ಸರದಿ ಬಂದಾಗ, ಬಿಪಿ ಇದ್ದೂ ಉಪ್ಪಿನಕಾಯಿ ಜಾಡಿಗೆ ಕೈಹಾಕುವವರಿಗೆ ಸಂಯಮ ಕೊಡು ಎಂದು ಬೇಡಿಕೊಳ್ಳುತ್ತೇನೆ. ಇಬ್ಬರಿಗೂ ಮೌನವನ್ನು ದಯಪಾಲಿಸು ಎಂದು ನಮ್ಮ ಯಜಮಾನರು ಮುಗಿಸುತ್ತಾರೆ. ಕೊನೆಯ ಆಮೆನ್ ಮಾತ್ರ ಮನೆಯ ಹಿರಿಯರಾದ ಅತ್ತೆಯದು. ಅದು ಬಿದ್ದ ಮೇಲೆ ಆ ವಿಷಯವನ್ನು ಮತ್ತೆ ಎತ್ತುವ ಹಾಗಿಲ್ಲ. ಮಾವನವರ ಕಾಲದಿಂದ ನಡೆದುಬಂದ ಕಾನೂನು ಅದು.

ಪಕ್ಕದ ಮನೆಯಾಕೆ ಒಮ್ಮೆ ನನ್ನ ಕೈ ಹಿಡಿದುಕೊಂಡು, “ಎಂಥಾ ಭಕ್ತಿ ಅಕ್ಕ ನಿಮ್ದು. ನಿಮ್ ನಾದಿನಿ ಬಂದಾಗಂತೂ ಗಂಟೆಗಟ್ಲೆ ಪ್ರಾರ್ಥನೆ ಮಾಡ್ತೀರ” ಎಂದಳು.

ಚಿನ್ನದ ಊರಿನ ಬರಿಗತ್ತು

ಮಗಳು ಬಂಗಾರಪೇಟೆಯ ಶಾಲೆಯೊಂದರಲ್ಲಿ ಟೀಚರ್. ಶಾಲೆಯ ಎದುರಿಗೆ ಮೆಡಿಕಲ್ ಸ್ಟೋರ್ ಇಟ್ಟುಕೊಂಡ ಹುಡುಗ ಅವಳನ್ನು ಮೆಚ್ಚಿದ. ಅವಳಿಗೂ ತಲೆನೋವು ಸ್ವಲ್ಪ ಹೆಚ್ಚಾಗಿಯೇ ಬರತೊಡಗಿತ್ತು. ಹುಡುಗನೂ ಕ್ರೈಸ್ತ, ಗುಣವಂತ. ಇನ್ನೇನು ಎಲ್ಲ ಸಲೀಸು ಎಂದುಕೊಂಡೆ.

ಸಲೀಸಾಗಲಿಲ್ಲ. ಅವರದು ಗಂಟೆಗೋಪುರವಿರುವ ಹಳೇ ಚರ್ಚು. ಅಲ್ಲಿ ತಾಳಿ, ಸರ, ಬಳೆ ಎಲ್ಲ ಉಂಟು. ನಮ್ಮ ಸಭೆಯ ಹೆಂಗಸರು ಚಿನ್ನ ಹಾಕುವುದಿಲ್ಲ. ಮದುವೆಯಲ್ಲಿ ತಾಳಿಯ ಬದಲು ಬೈಬಲ್ ಕೊಡುತ್ತೇವೆ. ಹುಡುಗನ ತಾಯಿ ಮಗನ ಜೊತೆ ನಮ್ಮ ಮನೆಗೆ ಬಂದು ಕೂತವರೇ ಅತ್ತೆ, ನಾನು, ಮಗಳು, ಮೂವರ ಕತ್ತನ್ನೂ ಸಾಲಾಗಿ ನೋಡಿದರು. ಚಿನ್ನದ ಗಣಿ ಊರಿನವರು, ಕತ್ತಿಗೆ ಒಂದು ಬಂಗಾರದ ಗುಂಡಾದರೂ ಬೇಡವೇ ಎಂದು ಕೇಳಿದರು.

ಮಾವನವರು ನಂದಿದುರ್ಗ ಗಣಿಯಲ್ಲಿ, ಅದು ಮುಚ್ಚುವವರೆಗೂ, ಪಾತಾಳಕ್ಕೆ ಇಳಿದು ದುಡಿದವರು. ಅತ್ತೆ ನಿಧಾನವಾಗಿ ಹೇಳಿದರು: “ನಮ್ಮೆಜಮಾನ್ರು ಅಗ್ದಿದ್ದನ್ನೆಲ್ಲ ಮೇಲಕ್ಕೆ ಕಳ್ಸಿಬುಟ್ರಮ್ಮ. ಮನೇಗೆ ಕೆಮ್ಮು ಮಾತ್ರ ತಂದ್ರು.”

ಮಾತು ಬಿಸಿಯಾಗುವುದನ್ನು ಕಂಡು ನಮ್ಮ ಯಜಮಾನರು ಎಂದಿನಂತೆ, “ಪ್ರಾರ್ಥನೆ ಮಾಡೋಣ” ಎಂದರು. ಬೀಗಿತ್ತಿಗೂ ಈ ವಿದ್ಯೆ ಗೊತ್ತಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ಎಲ್ಲರೂ ಕಣ್ಣು ಮುಚ್ಚಿದ್ದೇ ತಡ, ಆಕೆ ದೇವರ ಬಳಿ ಅಹವಾಲು ಶುರು ಮಾಡಿದರು. ಇರುವವನು ಒಬ್ಬನೇ ಮಗ, ಅವನು ತಾಳಿ ಕಟ್ಟದಿದ್ದರೆ ನೆಂಟರ ಮುಂದೆ ಮುಖ ಎತ್ತುವುದು ಹೇಗೆ, ನೀನೇ ಹೇಳು ಎಂದರು. ಆಕೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಯಜಮಾನರು ಒಳನುಗ್ಗಿದರು. ಸ್ತ್ರೀಯರು ಚಿನ್ನದಿಂದ ತಮ್ಮನ್ನು ಅಲಂಕರಿಸಿಕೊಳ್ಳಬಾರದೆಂದು ಅಪೊಸ್ತಲನು ಬೈಬಲ್ಲಿನಲ್ಲಿ ಬರೆದದ್ದನ್ನು ದೇವರಿಗೆ ನೆನಪಿಸಿದರು. ಅದೇ ಬೈಬಲ್ಲಿನಲ್ಲಿ ಮದುಮಗಳು ರೆಬೆಕ್ಕಳಿಗೆ ಚಿನ್ನದ ಬಳೆ ಸಿಕ್ಕಿದ್ದು ನಿನ್ನ ಚಿತ್ತದಿಂದಲೇ ಅಲ್ಲವೇ ಎಂದು ಬೀಗಿತ್ತಿ ದೇವರನ್ನೇ ಕೇಳಿದರು. ಯಜಮಾನರು, ಜನ ಪೂಜಿಸಿ ಕೆಟ್ಟ ಚಿನ್ನದ ಕರುವನ್ನು ಎಳೆತಂದರು.

ಒಬ್ಬರ ಪ್ರಾರ್ಥನೆಗೆ ಇನ್ನೊಬ್ಬರು ಆಮೆನ್ ಎನ್ನಲಿಲ್ಲ. ಆಮೆನ್ ಎಂದುಬಿಟ್ಟರೆ ಒಪ್ಪಿದ ಹಾಗೆ. ಆಮೆನ್ ಇಲ್ಲದೆ ಕಣ್ಣು ಬಿಡುವಂತೆಯೂ ಇಲ್ಲ. ಕಾಫಿ ಆರಿ ಕೆನೆ ಕಟ್ಟಿತು. ನಾನು ಮೆಲ್ಲಗೆ ಒಂದೇ ಕಣ್ಣು ತೆರೆದು ನೋಡಿದೆ. ಮಗಳು ತುಟಿ ಕಚ್ಚಿಕೊಂಡು ಅಳುತ್ತಿದ್ದಳು. ಹುಡುಗ ಕಣ್ಣು ಮುಚ್ಚದೆ ಅವಳನ್ನೇ ನೋಡುತ್ತಿದ್ದ. ಈ ಸಂಬಂಧ ಮುರಿದರೆ ನನ್ನ ಮಗಳು ಇನ್ನೊಬ್ಬನನ್ನು ಒಪ್ಪುವವಳಲ್ಲ ಎಂದು ಆ ಕ್ಷಣ ನನಗೆ ಖಾತ್ರಿಯಾಯಿತು.

ಅತ್ತೆ ಆಗಲೇ ಗೋಡೆಗೊರಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಬೀಗಿತ್ತಿ ದನಿ ಏರಿಸಿ, “ಚಿನ್ನದ ತಾಳಿಯೇ ಆಗಲಿ ಕರ್ತನೇ” ಎನ್ನುತ್ತಿದ್ದ ಹಾಗೆ ಅತ್ತೆ ಬೆಚ್ಚಿಬಿದ್ದು, ಅಭ್ಯಾಸಬಲದಿಂದ, “ಆಮೆನ್” ಎಂದುಬಿಟ್ಟರು.

ಮುಗಿಯಿತು. ಮನೆಯ ಕಾನೂನು ಮುರಿಯಲು ಯಜಮಾನರಿಗೆ ಧೈರ್ಯವಿಲ್ಲ. ಬೀಗಿತ್ತಿ ಆರಿದ ಕಾಫಿಯನ್ನು ಕೆನೆಸಮೇತ ಸಂತೋಷದಿಂದ ಕುಡಿದರು. ಅತ್ತೆ ಕಣ್ಣುಜ್ಜಿಕೊಂಡು, “ಏನು ತೀರ್ಮಾನ ಆಯ್ತು?” ಎಂದರು.

ಕರ್ತನು ಅಷ್ಟರಲ್ಲಿ ಬಂದರೆ

ನಮ್ಮ ಸಭೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಜಗತ್ತಿನಲ್ಲಿ ಏನೇ ಆದರೂ ಅವರಿಗೆ ಅದು ಲೋಕ ಮುಗಿದು ಕರ್ತನು ಮತ್ತೆ ಬರುವ ಕಡೇ ದಿನಗಳ ಸೂಚನೆ. ಟಿವಿಯಲ್ಲಿ ಯುದ್ಧ ಬಂದರೂ ಸೂಚನೆ, ಟೊಮೆಟೊ ಗಾಡಿಯ ಮೇಲೆ ಕ್ಯೂಆರ್ ಕೋಡ್ ಅಂಟಿಸಿದರೂ ಸೂಚನೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವುದು ಸೈತಾನನ ಕಡೆಯವರಿಗೆ ಹಾಕುವ ಮೃಗದ ಗುರುತಿಗೆ ಪೀಠಿಕೆ ಎಂದು ತಾವು ಹೋಗುವುದಿಲ್ಲ, ಹೆಂಡತಿಯನ್ನು ಕಳಿಸುತ್ತಾರೆ. ಅಕ್ಕಿ ಬಂದರೆ ಉಣ್ಣುತ್ತಾರೆ.

ಕಲ್ಯಾಣ ಮಂಟಪದವರು ಅವರಿಗೆ ಪರಿಚಯ. ಅದಕ್ಕೇ ಬುಕ್ ಮಾಡುವ ಕೆಲಸ ಅವರಿಗೆ ಒಪ್ಪಿಸಿದ್ದೆವು. ಪತ್ರಿಕೆ ಹಂಚಿ ಮುಗಿಸಿದ ಮೇಲೆ ತಿಳಿಯಿತು, ಅವರು ಬುಕ್ ಮಾಡಿಯೇ ಇರಲಿಲ್ಲ. ಯಜಮಾನರು ಕರೆಸಿ ಕೇಳಿದರು.

“ಓಗಿದ್ದೆ ಪಾಸ್ಟರೇ. ಮದ್ವೆ ದಿನದೊಳಗೆ ಕರ್ತನು ಬಂದ್ರೆ ಕ್ಯಾನ್ಸಲ್ ಮಾಡಿ ಅಡ್ವಾನ್ಸ್ ವಾಪಸ್ ಕೊಡ್ತೀರಾ ಅಂತ ಕೇಳ್ದೆ. ಆಗಲ್ಲ ಅಂದ್ರು. ಎದ್ದು ಬಂದ್ಬುಟ್ಟೆ.”

ಯಜಮಾನರು ಬೈಯಲು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಕರ್ತನು ಯಾವ ಗಳಿಗೆಯಲ್ಲಾದರೂ ಬರಬಹುದು, ಸಿದ್ಧರಾಗಿರಿ ಎಂದು ಹಿಂದಿನ ಭಾನುವಾರವೇ ಮೇಜು ಗುದ್ದಿ ಬೋಧಿಸಿದ್ದು ಅವರೇ.

ವಾಪಸ್ ತಗೊಳ್ಳಿ

ಅಷ್ಟರಲ್ಲಿ ಆ ದಿನಕ್ಕೆ ಮಂಟಪವನ್ನು ನಗರಸಭೆ ಚುನಾವಣೆಯ ಅಭ್ಯರ್ಥಿಯೊಬ್ಬರು ಕಾರ್ಯಕರ್ತರ ಸಮಾವೇಶಕ್ಕೆ ಹಿಡಿದಿದ್ದರು. ಯಜಮಾನರು ಹೋಗಿ ಬೇಡಿಕೊಂಡರು. ಬೆಳಿಗ್ಗೆ ಮದುವೆ ಮಾಡಿಕೊಳ್ಳಿ, ಮಧ್ಯಾಹ್ನ ನಮಗೆ ಬಿಡಿ ಎಂದು ಅವರು ಒಪ್ಪಿದರು. ಆದರೆ ಭಾನುವಾರ ಸಭೆಯಲ್ಲಿ ನನಗಾಗಿ ಪ್ರಾರ್ಥನೆ ಮಾಡಬೇಕು ಎಂದರು.

ಬೋಧನಾ ಪೀಠಕ್ಕೆ ರಾಜಕೀಯ ಹತ್ತಬಾರದು ಎನ್ನುವವರು ನಮ್ಮ ಯಜಮಾನರು. ಆದರೂ ಮಗಳ ಮುಖ ನೆನೆದು ಹೂಂ ಎಂದು ತಲೆಯಾಡಿಸಿದರು. ಭಾನುವಾರ ನೋಡಿದರೆ, ಸುದ್ದಿ ತಿಳಿದು ಎದುರಾಳಿ ಅಭ್ಯರ್ಥಿಯೂ ಬಂದು ಅದೇ ಸಾಲಿನಲ್ಲಿ ಕೂತಿದ್ದಾರೆ. ಯಜಮಾನರು ಬೆವರು ಒರೆಸಿಕೊಂಡು, ಜನರಿಗೆ ಒಳ್ಳೆಯದು ಮಾಡುವವನನ್ನು ಗೆಲ್ಲಿಸು ಎಂದು ಪ್ರಾರ್ಥಿಸಿದರು. ಇಬ್ಬರೂ ಪೈಪೋಟಿಯಲ್ಲಿ ಆಮೆನ್ ಕೂಗಿದರು. ಪಾಸ್ಟರು ನನ್ನನ್ನೇ ಆಶೀರ್ವದಿಸಿದರು ಎಂದು ಇಬ್ಬರೂ ವಾಟ್ಸಾಪ್ ಸ್ಟೇಟಸ್ ಹಾಕಿಕೊಂಡರು.

ಸಂಜೆ ಮಂಟಪದ ಅಭ್ಯರ್ಥಿ ಮನೆಗೆ ಬಂದು, “ಪಾಸ್ಟರೇ, ಅವ್ರಿಗೆ ಮಾಡಿದ್ದನ್ನ ವಾಪಸ್ ತಗೊಳ್ಳಿ” ಎಂದರು. ಮೇಲೆ ಹೋದದ್ದು ಕೆಳಗೆ ಬರುವುದಿಲ್ಲ ಎಂದು ಯಜಮಾನರು ತಿಳಿಸಿ ಹೇಳಿದರು. ಅಭ್ಯರ್ಥಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಹಂಗಾದ್ರೆ ಅಲ್ಲೇ ಮೇಲೇನೇ ತಡೆಯೋಕೆ ಏನಾದ್ರೂ ಮಾಡಿ.”

ಎತ್ತಿದ ಕೈಗಳು

ಮದುವೆಯ ದಿನ ಕಾರ್ಯಕರ್ತರು ಬೆಳಿಗ್ಗೆಯೇ ಟೆಂಪೊಗಳಲ್ಲಿ ಬಂದಿಳಿದು ಹಿಂದಿನ ಕುರ್ಚಿಗಳನ್ನೆಲ್ಲ ತುಂಬಿದರು. ನಮ್ಮ ನೆಂಟರು ಗೋಡೆ ಪಕ್ಕ ನಿಂತರು. ವೇದಿಕೆಯಿಂದ ಏನು ಕೇಳಿದರೂ ಕೈ ಎತ್ತಬೇಕು ಎಂದು ಕಾರ್ಯಕರ್ತರಿಗೆ ಹೇಳಿ ಕಳಿಸಿದ್ದರಂತೆ. ಅದು ನಮಗೆ ಗೊತ್ತಿರಲಿಲ್ಲ.

ಮದುವೆ ನಡೆಸಿಕೊಟ್ಟವರು ನಮ್ಮ ಯಜಮಾನರೇ. ಅಷ್ಟು ಜನ ಅವರ ಮುಂದೆ ಎಂದೂ ಕೂತಿರಲಿಲ್ಲ, ಹಾಗಾಗಿ ಬೋಧನೆ ಬೆಳೆಯುತ್ತಲೇ ಹೋಯಿತು. ಕಡೆಗೆ, ಕೇಳಲೇಬೇಕಾದ ಪ್ರಶ್ನೆಗೆ ಬಂದರು: “ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಲಿ.”

ಹಿಂದಿನ ಸಾಲುಗಳೆಲ್ಲ ಒಟ್ಟಿಗೆ ಕೈ ಎತ್ತಿದವು. ಯಾರೋ ಶಿಳ್ಳೆ ಹೊಡೆದರು.

ಕಡೇ ದಿನಗಳ ಹಿರಿಯರು ಸೂಚನೆ ಸಿಕ್ಕಿತೆಂದು ಎರಡೂ ಕೈ ಆಕಾಶಕ್ಕೆ ಎತ್ತಿದರು, ಅದೂ ಲೆಕ್ಕಕ್ಕೆ ಸೇರಿತು. ಬೀಗಿತ್ತಿ ತಾಳಿಯ ಡಬ್ಬಿಯನ್ನು ಎದೆಗೊತ್ತಿಕೊಂಡು, “ಏನಮ್ಮಾ ಇದು, ನಿನ್ನ ಮಗಳ ಮೇಲೆ ಇಷ್ಟು ಜನಕ್ಕೆ ತಕರಾರಾ?” ಎಂದು ನನ್ನನ್ನು ಕೇಳಿದರು. ನಾನು ಓಡಿಹೋಗಿ ಮಗಳ ಪಕ್ಕ ನಿಂತೆ.

ನಮ್ಮ ಯಜಮಾನರು ನೇಮದ ಮನುಷ್ಯ. ಆಕ್ಷೇಪಣೆ ಬಂದ ಮೇಲೆ ವಿಚಾರಿಸದೆ ಮುಂದೆ ಹೋಗುವವರಲ್ಲ. ಹೆಗಲ ಮೇಲೆ ಟವೆಲ್ ಹಾಕಿದ್ದ ವಯಸ್ಸಾದ ಕಾರ್ಯಕರ್ತರೊಬ್ಬರನ್ನು ನೋಡಿ, ನಿಮ್ಮ ಆಕ್ಷೇಪಣೆ ಏನು ಹೇಳಿ ಎಂದರು.

ಅವರು ಎದ್ದು ನಿಂತರು. “ನಮ್ದೇನೂ ಇಲ್ಲ ಸಾಮಿ. ಎತ್ತು ಅಂದಿದ್ರು, ಎತ್ತಿದ್ವಿ. ಇಳ್ಸು ಅಂದ್ರೆ ಇಳುಸ್ತೀವಿ. ಊಟ ಯಾವಾಗ?”

ಕೈಗಳು ಇಳಿದವು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಯಜಮಾನರು ಕನ್ನಡಕ ಸರಿಪಡಿಸಿಕೊಂಡು, “ನಿಯಮದ ಪ್ರಕಾರ ಇನ್ನೊಮ್ಮೆ ಕೇಳುತ್ತೇನೆ” ಎಂದರು. ಕೇಳಿದರೆ ಕೈಗಳು ಮತ್ತೆ ಏಳುತ್ತವೆ ಎಂದು ಮಂಟಪದಲ್ಲಿ ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಮುಂದಿನ ಸಾಲಿನಿಂದ ಗಟ್ಟಿಯಾಗಿ ಕೇಳಿಸಿತು: “ಆಮೆನ್.”

ಅತ್ತೆ. ಯಜಮಾನರ ಬಾಯಿ ತಾನಾಗಿ ಮುಚ್ಚಿಕೊಂಡಿತು. ಬೀಗಿತ್ತಿ ಡಬ್ಬಿ ತೆರೆದರು, ಹುಡುಗ ತಾಳಿ ಕಟ್ಟಿದ. ಹಿಂದಿನ ಸಾಲುಗಳು ಇದಕ್ಕೂ ಕೈ ಎತ್ತಿದವು.

ಮನೆಗೆ ಬಂದ ಮೇಲೆ ಅತ್ತೆಯ ಕಾಲು ಒತ್ತುತ್ತಾ, ಸದ್ಯ ಇವತ್ತು ನಿಮಗೆ ನಿದ್ದೆ ಬರಲಿಲ್ಲವಲ್ಲ ಎಂದೆ.

“ಅವತ್ತೂ ಬಂದಿರ್ನಿಲ್ಲ ಕಣೇ,” ಎಂದರು ಅತ್ತೆ. “ನಮ್ಮೆಜಮಾನ್ರು ಜೀವಮಾನ ಎಲ್ಲಾ ಅಗುದ್ರು. ಮೊಮ್ಮಗಳ ಕತ್ಗಾದ್ರೂ ಒಂದು ಗುಂಡು ಬರ್ಲಿ ಅಂತ ಗೊರಕೆ ಒಡೀತಾ ಕೂತಿದ್ದೆ.”

ಇದನ್ನು ಯಜಮಾನರಿಗೆ ಹೇಳಿಯೇ ಬಿಡಬೇಕೆಂದು ಎದ್ದೆ. ಆಗಲೇ ಯಜಮಾನರು ಕುಟುಂಬ ಪ್ರಾರ್ಥನೆಗೆ ಕರೆದರು. ಅತ್ತೆ ಕಣ್ಣು ಮುಚ್ಚಿ, ಕೈ ಜೋಡಿಸಿ, “ಕರ್ತನೇ, ನನ್ ಸೊಸೆ ಬಾಯಿಗೆ ಒಂದು ಬೀಗ ಆಕಪ್ಪಾ” ಎಂದು ಬೇಡಿಕೊಂಡರು. ನನಗೆ ಸರದಿಯನ್ನೇ ಕೊಡದೆ, ಕೂಡಲೇ ಆಮೆನ್ ಅಂದರು.