ಟೈಲ್ಸ್ ಮೇಸ್ತ್ರಿ ವೀಸಾದಲ್ಲಿ ಬಂದ ಫಾರ್ವರ್ಡ್

ಮನುಷ್ಯನ ಜೀವನ ಎಷ್ಟೇ ದೊಡ್ಡದಿರಲಿ, ಬಯೋಡೇಟಾ ಮಾತ್ರ ಎರಡು ಪುಟ ಮೀರಬಾರದು ಎನ್ನುವುದು ಗಲ್ಫಿಗೆ ಬಂದು ನಾನು ಕಲಿತ ಮೊದಲ ಪಾಠ. ಎಂಬತ್ತರ ದಶಕದಲ್ಲಿ ಮಸ್ಕತ್ತಿನ ಅಲ್ ಅಜೈಬಾದ ಒಂದು ಕಂಪೆನಿಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಕಂಪೆನಿಗೆ ಸಿಮೆಂಟು ಮಾರುವುದರಿಂದ ಹಿಡಿದು ಮನೆ ಕಟ್ಟುವ ತನಕ ಎಲ್ಲ ಕೆಲಸವೂ ಇತ್ತು. ಕಟ್ಟಿದ್ದನ್ನು ರಿಪೇರಿ ಮಾಡುವ ಕೆಲಸ ಇನ್ನೂ ಹೆಚ್ಚಿತ್ತು. ಕೆಲಸಕ್ಕೆ ಬರುವವರ ಬಯೋಡೇಟಾ ಎಲ್ಲ ನನ್ನ ಕೈಯಿಂದಲೇ ಇಳಿಯಬೇಕು. ಅದರಲ್ಲಿ ‘ಹಿಂದಿನ ಕೆಲಸ ಬಿಟ್ಟ ಕಾರಣ’ ಎಂಬ ಒಂದು ಕಾಲಂ. ಅದಕ್ಕೆ ಎಲ್ಲರದ್ದೂ ಒಂದೇ ಉತ್ತರ, ‘ಉತ್ತಮ ಅವಕಾಶಕ್ಕಾಗಿ’. ಮಾಲೀಕ ಕುತ್ತಿಗೆ ಹಿಡಿದು ದಬ್ಬಿದ್ದರೂ, ಹೋಟೆಲು ಮುಚ್ಚಿಹೋಗಿದ್ದರೂ, ಮಾವನ ಜೊತೆ ಜಗಳವಾಡಿ ಅಂಗಡಿ ಬಿಟ್ಟು ಬಂದಿದ್ದರೂ ಉತ್ತಮ ಅವಕಾಶಕ್ಕಾಗಿಯೇ. ನಾನು ಕಣ್ಣು ಮುಚ್ಚಿ ಟೈಪ್ ಹೊಡೆಯುತ್ತಿದ್ದೆ. ಹೀಗೆ ಕಣ್ಣು ಮುಚ್ಚಿ ಹೊಡೆಯುವ ಅಭ್ಯಾಸದಿಂದಲೇ ಒಮ್ಮೆ ಒಬ್ಬ ಮಹಾನುಭಾವನ ಅನ್ನಕ್ಕೆ ಕಲ್ಲು ಹಾಕುವುದರಲ್ಲಿದ್ದೆ.

ನಮ್ಮ ಅರ್ಬಾಬ್, ಅಂದರೆ ಕಂಪೆನಿಯ ಮಾಲೀಕರು, ಫುಟ್‌ಬಾಲ್ ಹುಚ್ಚಿನವರು. ಒಂದು ಸಣ್ಣ ಕ್ಲಬ್ಬನ್ನು ಸ್ವಂತ ಮಗುವಿನಂತೆ ಸಾಕಿದ್ದರು. ಅರ್ಜೆಂಟೀನಾ ವಿಶ್ವಕಪ್ ಗೆದ್ದದ್ದೇ ತಡ, ತಮ್ಮ ಹುಡುಗರಿಗೂ ಆ ದೇಶದ ಕೋಚೇ ಬೇಕು ಎಂದು ಪಟ್ಟು ಹಿಡಿದರು. ಒಂದೆರಡು ವರ್ಷ ಹುಡುಕಿ, ಯಾವುದೋ ಏಜೆಂಟನ ಮೂಲಕ ಇಲಾರಿಯೊ ಎಂಬ ನಿವೃತ್ತ ಫಾರ್ವರ್ಡ್ ಸಿಕ್ಕಿದ. ಗೋಲು ಹೊಡೆಯುವುದೇ ಕೆಲಸವಾಗಿದ್ದ ಮನುಷ್ಯ. ಅವನ ಪಾಸ್‌ಪೋರ್ಟಿನ ಪ್ರತಿ ಬಂದ ದಿನ, ವೀಸಾ ಕೆಲಸ ನೋಡಿಕೊಳ್ಳುವ ಉಳ್ಳಾಲದ ಹಮೀದಾಕ ನನ್ನ ಮೇಜಿನ ಮೂಲೆಯಲ್ಲಿ ಕೂತು ನಿಟ್ಟುಸಿರು ಬಿಟ್ಟರು. ಕ್ರಿಶ್ಚಿಯನರನ್ನು ಊರಿನಲ್ಲಿ ಕರೆಯುವಂತೆ ಅವರು ನನ್ನನ್ನು ಪೊರ್ಬುಗಳೇ ಎಂದೇ ಕರೆಯುವುದು.

“ಪೊರ್ಬುಗಳೇ, ಕೋಚಿನ ವೀಸಾ ಸಿಗ್ಲಿಕ್ಕೆ ಆರು ತಿಂಗಳು ಉಂಟು. ಅರ್ಬಾಬಿಗೆ ಬರುವ ವಾರವೇ ಜನ ಬೇಕಂತೆ. ನನ್ನ ಕೈಯಲ್ಲಿ ಇರುದು ಎರಡೇ. ಒಂದು ಕುರಿ ಕಾಯುವವನದ್ದು, ಒಂದು ಟೈಲ್ಸ್ ಮೇಸ್ತ್ರಿದು. ಎಂತ ಹಾಕುದು, ನೀವೇ ಹೇಳಿ.”

ಸರ್ಕಾರ ಕೊಡುವ ಲೇಬರ್ ಕಾರ್ಡಿನಲ್ಲಿ ಒಂದು ಕೆಲಸ, ಮಾಡುವುದು ಇನ್ನೊಂದು ಕೆಲಸ ಎನ್ನುವುದು ನಮ್ಮಲ್ಲಿ ಯಾರನ್ನೂ ಬೆಚ್ಚಿಬೀಳಿಸುವ ಸಂಗತಿಯಾಗಿರಲಿಲ್ಲ. ನಮ್ಮ ಸ್ಟೋರಿನ ಲೆಕ್ಕ ನೋಡುವವನು ಕಾಗದದಲ್ಲಿ ಬಡಗಿ; ಅವನಿಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬರುತ್ತಿರಲಿಲ್ಲ. ನಾನು ಎರಡು ನಿಮಿಷ ಗಂಭೀರವಾಗಿ ಆಲೋಚಿಸಿ, “ಟೈಲ್ಸ್ ಹಾಕಿ ಹಮೀದಾಕ. ಅಷ್ಟು ದೂರದಿಂದ ಬರುವವರನ್ನು ಕುರಿ ಕಾಯ್ಲಿಕ್ಕೆ ಕೂರಿಸುದು ಮರ್ಯಾದೆ ಅಲ್ಲ” ಎಂದೆ. ಫುಟ್‌ಬಾಲಿಗೆ ನನ್ನಿಂದ ದೊಡ್ಡ ಸೇವೆಯಾಯಿತು ಎಂದು ಅವತ್ತು ಎದೆಯುಬ್ಬಿಸಿಕೊಂಡೇ ಮನೆಗೆ ಹೋಗಿದ್ದೆ.

ಇಲಾರಿಯೊ ಬಂದ. ಮೂವತ್ತೇಳು ದಾಟಿದ, ಅಷ್ಟೇನೂ ಎತ್ತರವಿಲ್ಲದ, ಬಲಗಾಲನ್ನು ತುಸು ಎಳೆದು ನಡೆಯುವ ಮನುಷ್ಯ. ಗೋಲು ಹೊಡೆಯುವವನೆಂದರೆ ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದ ಆಳು ಎಂದು ನಾನು ಅಂದುಕೊಂಡಿದ್ದೆ. ಕಂಪೆನಿಯ ಫೈಲಿಗೆ ಅವನ ಬಯೋಡೇಟಾ ಬೇಕಿತ್ತು. ಸತತ ಮೂರು ಮಧ್ಯಾಹ್ನ ಅವನು ನನ್ನ ಟೈಪ್‌ರೈಟರಿನ ಆಚೆ ಕೂತು, ಅರೆಬರೆ ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ, ನನ್ನ ಪೆನ್ಸಿಲಿನಲ್ಲಿ ತನ್ನ ಬದುಕನ್ನು ಹೇಳಿದ. ನದಿ ಪಕ್ಕದ ಸಣ್ಣ ಊರು. ಅಣ್ಣನ ಎರಡು ಸೈಜ್ ದೊಡ್ಡ ಬೂಟಿಗೆ ಕಾಗದ ತುರುಕಿ ಆಡಿದ ಮೊದಲ ಪಂದ್ಯ. ಹದಿನೇಳನೆಯ ವಯಸ್ಸಿಗೆ ರಾಜಧಾನಿಯ ಕ್ಲಬ್. ಮೊದಲ ಗೋಲು ಹೊಡೆದಾಗ ಮೈದಾನ ತುಂಬ ಎದ್ದ ಸದ್ದನ್ನು ಹೇಳಲು ಅವನಿಗೆ ಇಂಗ್ಲಿಷ್ ಸಾಕಾಗಲಿಲ್ಲ. ಎರಡೂ ಅಂಗೈಯನ್ನು ನನ್ನ ಮೇಜಿನ ಮೇಲೆ ಒತ್ತಿ ಗಡಗಡ ಅಲ್ಲಾಡಿಸಿದ. ನನ್ನ ಚಹಾ ಚೆಲ್ಲಿತು, ನನಗೆ ಅರ್ಥವಾಯಿತು.

ದೇಶದ ತಂಡಕ್ಕೂ ಒಮ್ಮೆ ಕರೆ ಬಂದಿತ್ತಂತೆ. ನೀಲಿ ಬಿಳಿ ಪಟ್ಟೆಯ ಅಂಗಿಯನ್ನು ಅಳತೆಗೆಂದು ಹಾಕಿ ನೋಡಿದ್ದನಂತೆ. ಹತ್ತು ದಿನಕ್ಕೆ ಅಭ್ಯಾಸದಲ್ಲಿ ಮಂಡಿ ತಿರುಚಿತು. ಅಂಗಿ ಬೇರೆಯವನಿಗೆ ಹೋಯಿತು. ಇದನ್ನು ಅವನು ನಾವು ಬಸ್ಸು ತಪ್ಪಿದ್ದನ್ನು ಹೇಳುವಷ್ಟು ಸಲೀಸಾಗಿ ಹೇಳಿದ. ಮುಂದೆ ಒಂದೂವರೆ ವರ್ಷ ಆಟವಿಲ್ಲ. ಆಗ ಏನು ಮಾಡಿದೆ ಎಂದು ಕೇಳಿದರೆ ನೆಲವನ್ನು ಸವರುವಂತೆ ಅಂಗೈ ಆಡಿಸಿದ. ಮಲಗಿದ್ದ ಎಂದು ತಿಳಿದು ನಾನು ‘ವಿಶ್ರಾಂತಿ’ ಎಂದು ಹೊಡೆದೆ. ಆಮೇಲೆ ಕೊಲಂಬಿಯಾ, ಮೆಕ್ಸಿಕೊ, ಸ್ಪೇನಿನ ಕೆಳದರ್ಜೆ, ಗ್ರೀಸ್, ಒಟ್ಟು ಹನ್ನೊಂದು ಕ್ಲಬ್. ಪ್ರತಿಯೊಂದನ್ನೂ ಬಿಟ್ಟ ಕಾರಣ ಕೇಳಿದೆ. “ನನ್ನನ್ನು ಬೇಡ ಎಂದರು” ಎಂದ. ಇನ್ನೊಂದಕ್ಕೆ? “ಅಲ್ಲಿಯೂ ಬೇಡ ಎಂದರು.” ನಾಚಿಕೆಯಿಲ್ಲ, ಮುಚ್ಚುಮರೆಯಿಲ್ಲ. ನಾನು ಹನ್ನೊಂದು ಸಲ ‘ಉತ್ತಮ ಅವಕಾಶಕ್ಕಾಗಿ’ ಎಂದು ಟೈಪ್ ಮಾಡಿ ಅವನ ಮಾನ ಕಾಪಾಡಿದೆ. ಒಟ್ಟು ಎಷ್ಟು ಗೋಲು ಎಂದರೆ ಅವನಿಗೆ ಗೊತ್ತಿರಲಿಲ್ಲ. ಆದರೆ ಒಂದೊಂದು ಗೋಲಿನ ಹೊತ್ತಿಗೆ ಹುಲ್ಲು ಒದ್ದೆಯಿತ್ತೋ ಒಣಗಿತ್ತೋ, ಚೆಂಡು ಕೊಟ್ಟವನು ಯಾರು, ಗೋಲ್‌ಕೀಪರ್ ಯಾವ ಕಡೆ ಬಿದ್ದ ಎನ್ನುವುದೆಲ್ಲ ನೆನಪಿತ್ತು. ನನಗೆ ನಮ್ಮ ಮದುವೆಯ ದಿನ ಮಳೆ ಬಂದಿತ್ತೇ ಎನ್ನುವುದೂ ನೆನಪಿಲ್ಲ. ಈ ಅಜ್ಞಾನಕ್ಕೆ ಪ್ರತಿವರ್ಷ ಶಿಕ್ಷೆ ಅನುಭವಿಸುತ್ತೇನೆ.

ಅಲ್ಲಿ ವಾರದ ರಜೆ ಶುಕ್ರವಾರ; ಅವತ್ತು ಇಗರ್ಜಿಯ ಪೂಜೆ ಮುಗಿಸಿ ಅವನು ನಮ್ಮ ಮನೆಗೇ ಊಟಕ್ಕೆ ಬರುತ್ತಿದ್ದ. ನನ್ನ ಹೆಂಡತಿ ಲಿಲ್ಲಿ ಆಸ್ಪತ್ರೆಯಲ್ಲಿ ನರ್ಸ್. ನನಗಿಂತ ಮೊದಲೇ ಸ್ವಂತ ವೀಸಾದಲ್ಲಿ ಮಸ್ಕತ್ತಿಗೆ ಬಂದವಳು. ರಾತ್ರಿಪಾಳಿ ಮುಗಿಸಿ ಬಂದರೂ ಕೋಳಿಸಾರು, ಇಡ್ಲಿಯಂಥ ಸನ್ನಾ ಮಾಡಿಟ್ಟು, ಅವನ ಮಂಡಿ ಮುಟ್ಟಿ ನೋಡಿ ಬೈಯುವಳು. ಅವಳ ಕೊಂಕಣಿಗೆ ಪೋರ್ಚುಗೀಸಿನಿಂದ ಬಂದ ಮೇಜು, ಪಾದ್ರಿ, ಅಡುಗೆಮನೆಗೆ ಹೇಳುವ ಕುಜಿನು ಅವನ ಸ್ಪ್ಯಾನಿಷಿಗೆ ಹತ್ತಿರವಾಗಿದ್ದು, ಅವನಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಹೀಗಾಗಿ ಅವರಿಬ್ಬರೂ ನನ್ನ ಇಂಗ್ಲಿಷಿನ ಹಂಗಿಲ್ಲದೆ ಹರಟುತ್ತಿದ್ದರು. ಸಂಜೆ ಕ್ಲಬ್ಬಿನ ಮರಳು ಮೈದಾನಕ್ಕೆ ಒಮ್ಮೆ ನಾನೂ ಲಿಲ್ಲಿಯೂ ಹೋದೆವು. ಹುಡುಗರಿಗೆ ತೋರಿಸಲೆಂದು ಅವನು ಒಂದೇ ಒಂದು ಸಲ ಚೆಂಡು ಒದ್ದ. ಅದು ಒದೆತವೇ ಅಲ್ಲ, ಯಾರನ್ನೋ ನಯವಾಗಿ ಆಚೆ ಕಳಿಸಿದ ಹಾಗೆ. ಚೆಂಡು ಎಲ್ಲರ ತಲೆಯ ಮೇಲಿಂದ ಹೋಗಿ, ಗೋಲಿನ ಮೂಲೆಯಲ್ಲಿ ನೇತುಹಾಕಿದ್ದ ಟವಲಿಗೆ ತಾಗಿ, ಟವಲಿನೊಡನೆ ಕೆಳಗಿಳಿಯಿತು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ ಎಂದು ಲಿಲ್ಲಿ ಆಮೇಲೆ ಹೇಳಿದಳು. ಅಂಥದ್ದನ್ನು ಕಣ್ಣಾರೆ ಕಂಡೆ ಎನ್ನುವುದು ಇವತ್ತಿಗೂ ನನ್ನ ಬಯೋಡೇಟಾದಲ್ಲಿ ಬರೆಯಬಹುದಾದ ಏಕೈಕ ವಿಶೇಷ. ವಾಪಸು ಬರುವಾಗ ಅವನು ಹೇಳಿದ, “ಊರಲ್ಲಿ ಈಗ ಯಾವ ಕ್ಲಬ್ಬೂ ನನಗೆ ಫೋನು ಮಾಡುವುದಿಲ್ಲ. ಫುಟ್‌ಬಾಲ್ ನನಗೆ ಉಳಿದಿರುವುದು ಇಲ್ಲಿ ಮಾತ್ರ.”

ಆ ಮಾತು ಕೇಳಿ ಎರಡು ವಾರವಾಗಿರಲಿಲ್ಲ, ಬೆಳಿಗ್ಗೆ ಹಮೀದಾಕ ಏದುಸಿರು ಬಿಡುತ್ತ ಬಂದರು. ಕ್ಲಬ್ಬು ಸಲಾಲಾಕ್ಕೆ ಪಂದ್ಯಕ್ಕೆ ಹೊರಡಲು ಇನ್ನು ಮೂರು ದಿನ ಇತ್ತು.

“ಪೊರ್ಬುಗಳೇ, ಕೆಲಸ ಕೆಟ್ಟಿತು! ಲೇಬರ್ ಇನ್‌ಸ್ಪೆಕ್ಟರ್ ಬಂದಿದ್ದಾರೆ, ಅಲ್ ಹೈಲಿನ ಸೈಟಿಗೆ ನಾನೇ ಕರ್ಕೊಂಡು ಹೋಗ್ಬೇಕಂತೆ. ಕಾರ್ಡಿನಲ್ಲಿ ಇರುವ ಕೆಲಸ ಮಾಡುದನ್ನು ಕಣ್ಣಲ್ಲೇ ನೋಡ್ಬೇಕಂತೆ. ಮೇಸ್ತ್ರಿಗಳ ಪಟ್ಟಿಯಲ್ಲಿ ನಿಮ್ಮ ಕೋಚಿನದ್ದೇ ಮೊದಲ ಹೆಸರು ಮಾರಾಯ್ರೆ.”

“ಸಿಕ್ಕಿಬಿದ್ದರೆ?”

“ಎಂತ ಸಿಕ್ಕಿಬಿದ್ದರೆ? ಕಾರ್ಡ್ ಖಲಾಸ್. ವಿಮಾನ ಹತ್ತಿಸ್ತಾರೆ.”

ಕುರಿ ಬೇಡ, ಟೈಲ್ಸ್ ಹಾಕಿ ಎಂದವನು ನಾನೇ. ಹನ್ನೊಂದು ಕ್ಲಬ್ಬು ಬೇಡವೆಂದ ಮನುಷ್ಯನನ್ನು ಹನ್ನೆರಡನೆಯದರಿಂದ ಓಡಿಸುವ ಪಾಪ ನನ್ನ ಟೈಪ್‌ರೈಟರಿಗೇ ಬರಬೇಕೇ! ಕಂಪೆನಿಯ ವ್ಯಾನಿನಲ್ಲಿ ಮೈದಾನಕ್ಕೆ ಓಡಿ, ಟ್ರ್ಯಾಕ್‌ಸೂಟಿನಲ್ಲಿದ್ದವನನ್ನು ಹಾಗೇ ಹತ್ತಿಸಿಕೊಂಡು, ಅಲ್ ಹೈಲಿನಲ್ಲಿ ಅರ್ಬಾಬ್ ಕಟ್ಟಿಸುತ್ತಿದ್ದ ಹೊಸ ಮನೆಗೆ ಹೊರಟೆ. ದಾರಿಯುದ್ದಕ್ಕೂ ಅವನಿಗೆ ಟೈಲ್ಸ್ ಹಾಕುವುದನ್ನು ಕಲಿಸಿದೆ. ನನಗೆ ಗೊತ್ತಿದ್ದದ್ದು ಇಷ್ಟೇ: ಕೆಳಗೆ ಸಿಮೆಂಟು, ಮೇಲೆ ಟೈಲ್. ಅದನ್ನೇ ನಾಲ್ಕು ಬಗೆಯಲ್ಲಿ ಹೇಳಿದೆ. ಕರಣೆ ಹಿಡಿಯುವುದು ಹೀಗೆ ಎಂದು ನನ್ನ ಊಟದ ಚಮಚದಲ್ಲಿ ತೋರಿಸಿದೆ. ಅವನು ಒಳ್ಳೆಯ ವಿದ್ಯಾರ್ಥಿಯಂತೆ ತಲೆಯಾಡಿಸುತ್ತಿದ್ದ. ಈ ಶಾಂತಿಯನ್ನು ಕಂಡು, ಪಾಪ, ಇವನಿಗೆ ಗಂಡಾಂತರ ಏನೆಂದೇ ತಿಳಿದಿಲ್ಲ ಎಂದು ನನಗೆ ಅಳು ಬಂತು.

ಇನ್‌ಸ್ಪೆಕ್ಟರ್ ನಮಗಿಂತ ಮೊದಲೇ ಬಂದು ಹಮೀದಾಕನ ಜೊತೆ ಜಗಲಿಯಲ್ಲಿ ನಿಂತಿದ್ದರು. ನಡುವಯಸ್ಸಿನ ಓಮಾನಿ, ಕಾಲುದ್ದದ ಬಿಳಿ ದಿಶ್‌ದಾಶ ನಿಲುವಂಗಿ, ಕೈಯಲ್ಲಿ ಕಾರ್ಡುಗಳ ಕಟ್ಟು. ಮುಂಬಯಿಯವರೂ ನಾಚುವಷ್ಟು ಸಲೀಸು ಹಿಂದಿ. “ಮೇಸ್ತ್ರಿ ಇವನೇನಾ? ಯಲ್ಲಾ, ಕೆಲಸ ಮಾಡಲಿ” ಎಂದರು. ನಾನು ಮನಸ್ಸಿನಲ್ಲೇ ಜಪಮಾಲೆ ಹಿಡಿದೆ.

ಇಲಾರಿಯೊ ನೆಟ್ಟಗೆ ಅರ್ಧ ಮುಗಿದಿದ್ದ ಹಜಾರಕ್ಕೆ ಹೋದ. ಕೆಟ್ಟ ಮಂಡಿಯನ್ನು ಮೆಲ್ಲಗೆ ಮಡಿಸಿ ಕೂತು, ಬೇರೆಯವರು ಹಿಂದಿನ ದಿನ ಹಾಕಿದ್ದ ಟೈಲುಗಳನ್ನು ಕರಣೆಯ ಹಿಡಿಯಿಂದ ಒಂದೊಂದಾಗಿ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹೋದ. ನಾಲ್ಕನೆಯದಕ್ಕೆ ನಿಂತ. ಟೊಳ್ಳು ಸದ್ದು. ಅದನ್ನು ಎಬ್ಬಿಸಿ ತೆಗೆದು ಪಕ್ಕಕ್ಕಿಟ್ಟ. ಸಿಮೆಂಟು ಕಲಸಿದ, ದಾರ ಕಟ್ಟಿದ, ರಸಮಟ್ಟ ಕೇಳಿ ಪಡೆದ. ಆಮೇಲೆ ಒಂದರ ಪಕ್ಕಕ್ಕೆ ಒಂದು, ಒಂದರ ಪಕ್ಕಕ್ಕೆ ಒಂದು. ನಿಜವಾದ ಮೇಸ್ತ್ರಿಗಳು ತಮ್ಮ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಆ ಟವಲು ಬಿದ್ದ ಸಂಜೆ ನಾನು ಹೇಗೆ ನಿಂತಿದ್ದೆನೋ ಈಗಲೂ ಹಾಗೇ ನಿಂತಿದ್ದೆ. ಇಷ್ಟು ದಿನ ನನಗೆ ಅವನ ಕಾಲಿನ ಮೇಲೆ ಮಾತ್ರ ಭಕ್ತಿಯಿತ್ತು.

“ಅಪ್ಪ ಮೇಸ್ತ್ರಿ” ಎಂದ ಅವನು, ತಲೆಯೆತ್ತದೆ. “ಆಟವಿಲ್ಲದ ತಿಂಗಳೆಲ್ಲ ಅಪ್ಪನ ಜೊತೆ ನೆಲ ಹಾಕುತ್ತಿದ್ದೆ. ಮಂಡಿ ಹೋದಾಗ ಒಂದೂವರೆ ವರ್ಷ ಪೂರ್ತಿ ಇದೇ.”

“ನನಗೆ ಹೇಳಲಿಲ್ಲವಲ್ಲ!”

“ಹೇಳಿದ್ದೆ. ನೀನು ಏನೋ ಟೈಪ್ ಮಾಡಿಕೊಂಡೆ.”

ವಿಶ್ರಾಂತಿ! ಕೆಟ್ಟ ಮಂಡಿಯ ಮೇಲೆ ಒಂದೂವರೆ ವರ್ಷ ನೆಲದಲ್ಲಿ ಕೂತು ದುಡಿದವನ ಬಾಳಿಗೆ ನಾನು ಹಾಕಿದ ಹೆಸರು ಅದು. ಹನ್ನೊಂದು ಕ್ಲಬ್ಬಿನ ಆಟದಷ್ಟೇ ಇದೂ ಅವನ ಬದುಕು. ನನ್ನ ಎರಡು ಪುಟದಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಆದರೆ ಅವನು ಹಾಕಿದ ನೆಲ ಬಿರಿಯುವಂತಿರಲಿಲ್ಲ.

ಇನ್‌ಸ್ಪೆಕ್ಟರ್ ಬಗ್ಗಿ ಟೈಲುಗಳ ಸಂದಿಯನ್ನು ಬೆರಳಿನಲ್ಲಿ ಸವರಿ ನೋಡಿದರು. ಎದ್ದು ನಿಂತು ಇಲಾರಿಯೊನ ಸಿಮೆಂಟಿನ ಕೈಯನ್ನೇ ಹಿಡಿದು ಕುಲುಕಿದರು. “ಕೋಚ್, ಕಳೆದ ಗುರುವಾರದ ಮ್ಯಾಚಿಗೆ ನಾನೂ ಬಂದಿದ್ದೆ. ನೀನು ಯಾರು ಅಂತ ನನಗೆ ಗೊತ್ತು. ಮೇಸ್ತ್ರಿ ಹೌದೋ ಅಲ್ಲವೋ ಅಂತ ನೋಡಬೇಕಿತ್ತು. ಹೌದು. ಖಲಾಸ್. ಸಲಾಲಾದಲ್ಲಿ ಗೆದ್ದು ಬಾ” ಎಂದರು. ಹಮೀದಾಕ ಅಲ್ಲೇ ಒಂದು ಸಿಮೆಂಟಿನ ಚೀಲದ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡರು. ನಾನು ಆನಂದ ತಡೆಯಲಾರದೆ, “ಸಾಹೇಬರೇ, ಇಂಥ ಮನುಷ್ಯರು ಅಪರೂಪ! ಹೇಳಿದ ಕೆಲಸ ಹೇಳಿದ ಹಾಗೆ ಮಾಡುವವರು ಈಗ ಎಲ್ಲಿದ್ದಾರೆ?” ಎಂದು ಭಾಷಣ ಶುರುಮಾಡಿದೆ. ಬಾಯಿ ಮುಚ್ಚಿಕೊಂಡಿದ್ದರೆ ಆ ದಿನ ಅಲ್ಲಿಗೇ ಚೆನ್ನಾಗಿ ಮುಗಿಯುತ್ತಿತ್ತು.

ಅವರು ನನ್ನ ಕಡೆ ತಿರುಗಿದರು. “ನೀನು ಯಾರು? ನಿನ್ನ ಕಾರ್ಡು ತೋರಿಸು.”

ತೋರಿಸಿದೆ. ನಾನು ಬಂದ ವರ್ಷ ಹಮೀದಾಕನ ಕೈಯಲ್ಲಿ ಟೈಪಿಸ್ಟಿನ ವೀಸಾ ಇರಲಿಲ್ಲ, ಇದ್ದದ್ದು ಅಡುಗೆಯವನದ್ದು. ಒಂಬತ್ತು ವರ್ಷದಿಂದ ಸರ್ಕಾರದ ಲೆಕ್ಕದಲ್ಲಿ ನಾನು ಅಡುಗೆಯವ. ಇನ್‌ಸ್ಪೆಕ್ಟರ್ ಕಾರ್ಡನ್ನು ಎರಡು ಸಲ ಓದಿ, ಕೆಲಸಗಾರರು ಚಹಾ ಮಾಡುತ್ತಿದ್ದ ಸ್ಟವ್ ತೋರಿಸಿ, “ಹಾಗಾದರೆ ಕೋಚಿಗೆ ಒಂದು ಚಹಾ ಮಾಡಿಕೊಡು” ಎಂದರು. ನಾನು ಸ್ಟವ್ ಹಚ್ಚಲು ಆರು ಕಡ್ಡಿ ಗೀರಿದೆ. ಹಾಲು ಉಕ್ಕಿತು, ಸಕ್ಕರೆ ಮರೆತುಹೋಯಿತು, ಚಹಾ ಸೋಸುವ ಜರಡಿ ಎಲ್ಲಿದೆ ಎಂದು ಅಲ್ಲಿದ್ದ ಒಬ್ಬ ಬಡಗಿಯನ್ನು ಕೇಳಿದೆ. ಇನ್‌ಸ್ಪೆಕ್ಟರ್ ಮೊದಲು ತಾವೇ ಒಂದು ಗುಟುಕು ಕುಡಿದು ಲೋಟವನ್ನು ಬಹಳ ದೂರದಲ್ಲಿಟ್ಟರು. ಒಳ್ಳೆಯ ಮನುಷ್ಯ, ಇಲಾರಿಯೊನ ಮುಖ ನೋಡಿ, ಕಾರ್ಡು ತಿದ್ದಿಸಿಕೊಳ್ಳಲು ಮೂರು ತಿಂಗಳ ಗಡುವು ಕೊಟ್ಟು ಹೋದರು.

ಈ ಕಥೆಯನ್ನು ಮನೆಯಲ್ಲಿ ಹೇಳುವ ಆಲೋಚನೆ ನನಗಿರಲಿಲ್ಲ. ಆದರೆ ಶುಕ್ರವಾರ ಊಟಕ್ಕೆ ಬಂದ ಇಲಾರಿಯೊ, ಎಲ್ಲವನ್ನೂ ನೇರವಾಗಿ ಹೇಳುವ ಅಭ್ಯಾಸದವನು, ತನ್ನ ಭಾಷೆ, ಲಿಲ್ಲಿಯ ಭಾಷೆ, ಕೈಸನ್ನೆ ಎಲ್ಲ ಸೇರಿಸಿ ಆರು ಕಡ್ಡಿಗಳ ಸಮೇತ ಹೇಳಿದ. ಲಿಲ್ಲಿ ಸೌಟು ಹಿಡಿದುಕೊಂಡೇ ಕೇಳಿದಳು. ಕೇಳಿ ಮುಗಿದ ಮೇಲೆ ನನ್ನ ಕಡೆ ತಿರುಗಿದಳು.

“ಅಂದರೆ ಒಂಬತ್ತು ವರ್ಷ ಸರ್ಕಾರದ ಸೀಲು ಬಿದ್ದ ಅಡುಗೆಯವರನ್ನು ಮನೆಯಲ್ಲಿ ಕೂರಿಸಿಕೊಂಡು, ನೈಟ್ ಡ್ಯೂಟಿ ಮಾಡಿ ಬಂದ ನಾನು ಒಲೆಯ ಮುಂದೆ ನಿಂತದ್ದಾ?”

ಅವಳು ಸೌಟನ್ನು ನನ್ನ ಕೈಗಿಟ್ಟು, ಇಲಾರಿಯೊನ ಪಕ್ಕದ ಕುರ್ಚಿಯಲ್ಲಿ ಕೂತು, ಆ ಮನೆಯಲ್ಲಿ ಮೊದಲ ಸಲ ಬಿಸಿಬಿಸಿ ಊಟಕ್ಕಾಗಿ ಕಾದಳು. ಗಡುವಿನೊಳಗೆ ಹಮೀದಾಕ ನನ್ನ ಕಾರ್ಡನ್ನು ಟೈಪಿಸ್ಟ್ ಎಂದು ತಿದ್ದಿಸಿ ತಂದುಕೊಟ್ಟರು. ಲಿಲ್ಲಿಗೆ ತೋರಿಸಿದೆ. ಅವಳು ಅದನ್ನು ಓದಿ, ಚೆನ್ನಾಗಿದೆ ಎಂದು ಹೇಳಿ, ಮೀನು ತೊಳೆದಾಯಿತೇ ಎಂದು ಕೇಳಿದಳು.