ಇರುವೆ ತಿಂದ ನವಿಲು

ನನ್ನ ಸೋದರತ್ತೆಯ ಜೊತೆ ಹೋದವರಿಗೆ ಹಕ್ಕಿಯೇನಾದರೂ ಕಂಡರೆ, ಆ ಹಕ್ಕಿಗೆ ಕಿವಿ ಕೇಳುವುದಿಲ್ಲ ಎಂದೇ ಅರ್ಥ! ಅತ್ತೆಯ ಗಂಟಲು ಅಂಥದ್ದು. ಹಳದೀಪುರದ ಗದ್ದೆಯಲ್ಲಿ ಬಾಯಿ ತೆರೆದರೆ ಹೆದ್ದಾರಿಯ ಬಸ್ಸಿನಲ್ಲಿ ಕೂತವರು ತಿರುಗಿ ನೋಡುತ್ತಾರೆ. ಇಂಥವಳು ಹಕ್ಕಿ ತೋರಿಸುವ ಗೈಡ್ ಆದದ್ದು ಹೇಗೆ ಅಂತೀರಾ? ನಮ್ಮ ಹಾಲಕ್ಕಿ ಜನರ ಕೇರಿಯಾದ ಈ ಕೊಪ್ಪದಲ್ಲಿ ಅವಳಷ್ಟು ಹಕ್ಕಿಯ ಹಾಡು, ಹಕ್ಕಿಯ ಕಥೆ ಬಲ್ಲವರು ಬೇರೆ ಇಲ್ಲ. ಹಾಗಾಗಿ ಓಂ ಬೀಚಿನಿಂದ ಪ್ರವಾಸಿಗರು ಭಾನುವಾರ ಕ್ಯಾಮೆರಾ ಹೊತ್ತು ಅವಳನ್ನೇ ಹುಡುಕಿಕೊಂಡು ಬರುತ್ತಾರೆ.

ಟಿಟ್ಟಿಭ ಹಕ್ಕಿ ಎತ್ತರದಲ್ಲಿ ಮೊಟ್ಟೆ ಇಟ್ಟರೆ ಜೋರು ಮಳೆ, ತಗ್ಗಿನಲ್ಲಿ ಇಟ್ಟರೆ ಕಡಿಮೆ. ಇದು ಹಿರಿಯರಿಂದ ಬಂದ ತಿಳಿವಳಿಕೆ. ಒಮ್ಮೆ ತಗ್ಗಿನಲ್ಲಿ ಮೊಟ್ಟೆ ಕಂಡಿದ್ದೇ ತಡ, ಅತ್ತೆ ಪ್ರವಾಸಿಗರಿಗೆ "ಕೊಡೆ ಎಂತಕ್ಕೆ? ಇಟ್ಟು ಬನ್ನಿ" ಎಂದಳು. ಅರ್ಧ ದಾರಿಯಲ್ಲಿ ಮಳೆ ಸುರಿದು ಎಲ್ಲರೂ ತೊಪ್ಪೆಯಾದೆವು.

"ಹಕ್ಕಿದು ತಪ್ಪಲ್ಲ. ಮಳೆಗೇ ಹೊತ್ತುಗೊತ್ತು ಇಲ್ಲ" ಎಂದಳು.

ತನ್ನ ದನಿಗೆ ಹಾರಿಹೋದ ಹಕ್ಕಿಗಳನ್ನು ಅತ್ತೆ ಸುತ್ತಾಟದ ಕೊನೆಯಲ್ಲಿ ಬಸ್ ನಿಲ್ದಾಣದ ಗೋಡೆಯ ಮೇಲೆ ತೋರಿಸುತ್ತಾಳೆ. ಪ್ರತಿ ದೀಪಾವಳಿಗೆ ಆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಅವಳೇ ಬರೆದ ಚಿತ್ತಾರ ಅದು. ಅಕ್ಕಿಹಿಟ್ಟು ಅಂದಮೇಲೆ ಕೇಳಬೇಕೆ? ಇರುವೆ, ಗುಬ್ಬಿ ಎಲ್ಲ ಸಾಲುಗಟ್ಟುತ್ತವೆ.

"ಇದು ಯಾವ ಹಕ್ಕಿ?" ಎಂದು ಒಮ್ಮೆ ಪ್ರವಾಸಿಗರೊಬ್ಬರು ಕೇಳಿದರು.

"ನವಿಲು."

"ಗರಿ ಎಲ್ಲಿ?"

"ಇರುವೆ ತಿಂದ್ವು. ಅವಕ್ಕೂ ಹೊಟ್ಟೆ ಇಲ್ವಾ?"

ಪಕ್ಕದ ಮನೆಯ ಪಂಚಾಯತಿ ಮೆಂಬರಿಗೆ ಈ ಅರ್ಧಂಬರ್ಧ ಹಕ್ಕಿಗಳನ್ನು ಕಂಡರಾಗದು. "ಆಯಿಲ್ ಪೇಂಟ್ ಹೊಡೆಸ್ವಾ ಅಕ್ಕಾ, ವರ್ಷಗಟ್ಲೆ ಇರ್ತದೆ" ಎಂದರು.

"ವರ್ಷಗಟ್ಲೆ ಗುಬ್ಬಿ ಎಂತ ತಿನ್ಬೇಕು?"

"ಆತು. ಈ ದೀಪಾವಳಿಗೆ ಚಿತ್ತಾರ ಆಗದಿದ್ರೆ ಪೇಂಟೇ ಸೈ."

ದೀಪಾವಳಿ ಹತ್ತಿರ ಬಂದಾಗಲೇ ಅತ್ತೆ ಪಾಚಿಯ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಬಾಯಿಗೆ ಏನೂ ಆಗಿರಲಿಲ್ಲ, ಆದರೂ ಮನೆಯಲ್ಲಿ ಸದ್ದಿಲ್ಲ. "ಗೋಡೆ ಹೋತು, ಮಗಾ" ಎಂದು ಕಣ್ಣೊರೆಸಿಕೊಂಡಳು.

ಅಕ್ಕಿ ನೆನೆಹಾಕಿ, ರುಬ್ಬಿ, ಅವಳಿಗೆ ಹೇಳದೆ ನಾನೇ ಹೋಗಿ ಗೋಡೆಗೆ ಕೆಮ್ಮಣ್ಣು ಬಳಿದು ಬರೆದೆ. ನನ್ನ ಕೈಯಲ್ಲಿ ಕಾಗೆ ಕೋಳಿಯಾಯಿತು. ಬೆಳ್ಳಕ್ಕಿ ಮಡಚಿದ ಕೊಡೆಯಂತಾಯಿತು. ನೋಡಿದ ಮೆಂಬರು ನಕ್ಕರು, ಆದರೆ ತಂದಿದ್ದ ಪೇಂಟಿನ ಡಬ್ಬಿ ವಾಪಸು ಒಯ್ದರು.

ಭಾನುವಾರ ಪ್ರವಾಸಿಗರ ಜೊತೆ ಅತ್ತೆಯನ್ನೂ ಅಲ್ಲಿಗೆ ಕರೆತಂದೆ. ನನ್ನ ಕಾಗೆಯನ್ನು ನೋಡಿ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಒಂದು ಗುಬ್ಬಿ ಬಂದು ನಿಲ್ದಾಣದ ಕಟ್ಟೆಯ ಮೇಲೆ ಕೂತಿತು. ಆಚೆ ಈಚೆ ನೋಡಿ ಕಾಗೆಯ ಕಾಲಿಗೆ ಕೊಕ್ಕು ಹಾಕಿತು.

ಅತ್ತೆ ತೆರೆದ ಬಾಯಿ ಮುಚ್ಚಿದಳು. ಎಡಗೈಯಿಂದ ನನ್ನ ಕೈ ಹಿಡಿದುಕೊಂಡಳು. ಗುಬ್ಬಿ ಕಾಗೆಯ ಎರಡೂ ಕಾಲು ತಿಂದು ಮುಗಿಸುವವರೆಗೆ ಯಾರೂ ಅಲ್ಲಾಡಲಿಲ್ಲ.

"ತಿಂತದೆ, ಮಗಾ" ಎಂದು ಪಿಸುಗುಟ್ಟಿದಳು. ಅತ್ತೆಗೆ ಇಷ್ಟು ಸಣ್ಣ ದನಿಯೂ ಇದೆಯೆಂದು ನನಗೆ ಗೊತ್ತಾದದ್ದು ಅವತ್ತೇ.