ಪರಮೇಶನ ಕೈ ಸೋಕದ ಬಾಲ್ಕನಿ

ಯಾವ ವಸ್ತು ಕಂಡರೂ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, "ಹೂಂ" ಎನ್ನುವುದು ನನ್ನ ಅಭ್ಯಾಸ. ಇಷ್ಟೇನಾ ಎಂದು ಮೂಗು ಮುರಿಯಬೇಡಿ! ಕೊರಟಗೆರೆ ಸಂತೆಯಲ್ಲಿ ನಾನು ತಟ್ಟಿ ತಲೆ ಅಲ್ಲಾಡಿಸಿದ ಹಲಸಿನಹಣ್ಣನ್ನು ಆಮೇಲೆ ದನವೂ ಮೂಸಲಿಲ್ಲ. ಶಿರಾ ಬಸ್ ನಿಲ್ದಾಣದ ಕಲ್ಲಂಗಡಿ ಅಂಗಡಿಯವರು ನನ್ನನ್ನು ಕಂಡರೆ "ಆಯಿಯೇ ಡಾಕ್ಟರ್ ಸಾಬ್" ಎಂದು ಸ್ಟೂಲು ಹಾಕುತ್ತಾರೆ. ಪಾವಗಡದಲ್ಲಿ ನನ್ನದೇ ಮದುವೆಯ ದಿನ, ಮಾವ ಕೊಟ್ಟ ಬೀರುವನ್ನು ಎಲ್ಲರೆದುರು ತಟ್ಟಿ "ತಗಡು ತೆಳ್ಳಗಿದೆ" ಎಂದ ಧೀರ ನಾನು. ಅಷ್ಟೇಕೆ, ಮಧುಗಿರಿ ಬೆಟ್ಟವನ್ನೂ ಒಮ್ಮೆ ಬುಡದಲ್ಲಿ ನಿಂತು ತಟ್ಟಿ ನೋಡಿದ್ದೇನೆ. ಗಟ್ಟಿಯಾಗಿದೆ. ಊರಿನವರು ನಿಶ್ಚಿಂತೆಯಿಂದ ಮಲಗಬಹುದು!

ಇಂಥ ಕೈಯುಳ್ಳವನು ಮನೆಗೆ ಬೇಕಾದ ಚಿಕ್ಕಪುಟ್ಟ ಸಾಮಾನು ತಾನೇ ಮಾಡಿಕೊಳ್ಳಲಾರನೇ? ಖಂಡಿತ ಮಾಡಿಕೊಳ್ಳಬಲ್ಲ. ಮಾಡಿರಲಿಲ್ಲ, ಅಷ್ಟೆ. ಪಕ್ಕದ ಫ್ಲಾಟಿಗೆ ಪರಮೇಶ್ ಬರುವ ತನಕ ಅದನ್ನು ಯಾರೂ ಗಮನಿಸಿಯೂ ಇರಲಿಲ್ಲ.

ಪರಮೇಶ್ ಬಂದ. ಬೆಟ್ಟದ ಕೆಳಗಿನ ನಮ್ಮ ಮೂರಂತಸ್ತಿನ ಅಪಾರ್ಟ್‌ಮೆಂಟಿಗೆ ಶನಿ ಬಂದಂತೆ ಬಂದ! ಖಾಲಿ ನೀರಿನ ಬಾಟಲಿಗಳನ್ನು ಅಡ್ಡಡ್ಡ ಕೊಯ್ದು ಬಾಲ್ಕನಿಯ ತುಂಬ ಪುದೀನ ಬೆಳೆಸಿದ. ಮುರಿದ ಮಂಚದ ಹಲಗೆಯಿಂದ ಮಡಚುವ ಮೇಜು ಮಾಡಿದ. ತೆಂಗಿನ ಚಿಪ್ಪಿಗೆ ತೂತು ಕೊರೆದು ದೀಪ ಇಳಿಬಿಟ್ಟ. ತಾನೇ ಬಿದಿರು ಸೀಳಿ ಪರದೆ ಹೆಣೆದ. ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಅದನ್ನು ನೋಡಲು ಬಂದರು. ನನ್ನ ಹೆಂಡತಿ ಪವಿತ್ರ ಮೂರು ಸಲ ಹೋದಳು.

ಅಲ್ಲಿಗೂ ಮುಗಿಯಲಿಲ್ಲ. ಓವನ್ ಇಲ್ಲದೆ, ಬರೀ ಕುಕ್ಕರಿನ ತಳಕ್ಕೆ ಉಪ್ಪು ಸುರಿದು, ರಾಗಿ ಬಿಸ್ಕತ್ತು ಬೇಯಿಸಿಬಿಟ್ಟ. ಪವಿತ್ರ ಒಂದು ತಟ್ಟೆ ತಂದಳು. ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಮದುವೆಯಾದಂದಿನಿಂದ ನಾನು ಮಾಡಿದ ಯಾವುದಕ್ಕೂ ಅವಳು ಹಾಗೆ ಕಣ್ಣು ಮುಚ್ಚಿದವಳಲ್ಲ. ಮುಚ್ಚಿದ್ದರೂ ಅದು ನೋಡಲಾಗದೆ.

"ರೀ, ಒಂದ್ ತಿಂದ್ ನೋಡಿ. ಪರಮೇಶಣ್ಣ ಕುಕ್ಕರ್‌ನಾಗೆ ಮಾಡಿರೋದು."

"ಕುಕ್ಕರ್ ಇರೋದು ಬೇಳೆ ಬೇಯ್ಸಕ್ಕೆ."

"ಹೊಟ್ಟೆಕಿಚ್ಚು."

"ನಂಗಾ? ಬಿಸ್ಕತ್ತಿನ ಮೇಲಾ?" ಎಂದು ಇನ್ನೊಂದು ಎತ್ತಿಕೊಂಡೆ. ಚೆನ್ನಾಗಿತ್ತು. ದುಃಖವೆಂದರೆ ಅದೇ!

ಆಗ ಅವಳು ಅಸಲು ವಿಷಯ ತೆಗೆದಳು. ಮಧ್ಯಾಹ್ನದ ಬಿಸಿಲಿಗೆ ಬೆಟ್ಟದ ಬಂಡೆ ಕಾದು, ಆ ಕಾವೆಲ್ಲ ನೇರ ನಮ್ಮ ಬಾಲ್ಕನಿಗೆ ಬಡಿಯುತ್ತದೆ. ಅವಳ ತುಳಸಿ ಒಣಗಿತ್ತು, ಗುಲಾಬಿ ಕಡ್ಡಿಯಾಗಿತ್ತು.

"ನೆರಳು ಮಾಡಿ ಅಂತ ಯುಗಾದಿಯಿಂದ ಬಡ್ಕೊಂತಾ ಇವ್ನಿ. ನಾಳೆ ಭಾನುವಾರ. ಸಾಯಂಕಾಲದೊಳಗೆ ನೀವ್ ಮಾಡಿದ್ರೆ ಸರಿ. ಇಲ್ಲಾಂದ್ರೆ ಪರಮೇಶಣ್ಣಂಗೆ ಹೇಳ್ಬುಡ್ತೀನಿ. ಟೇಪ್ ಹಿಡ್ಕಂಡು ಬತ್ತೀನಿ ಅಂದವ್ರೆ."

ಟೇಪ್! ನನ್ನ ಬಾಲ್ಕನಿಯನ್ನು ಅವನು ಅಳೆಯುವುದೇ! ರಕ್ತ ಕುದಿಯಿತು. ಎದ್ದು ನಿಂತು, ಬೆಟ್ಟದ ಕಡೆ ಕೈ ಚಾಚಿ, ಪ್ರತಿಜ್ಞೆ ಮಾಡಿದೆ: "ಕೇಳು ಪವಿತ್ರಾ! ಈ ಅಂಜಿನಮೂರ್ತಿಯ ದೇಹದಲ್ಲಿ ಉಸಿರಿರುವ ತನಕ ಈ ಬಾಲ್ಕನಿಗೆ ಪರಮೇಶನ ಕೈ ಸೋಕದು!"

"ಮೊದ್ಲು ಲುಂಗಿ ಬಿಗಿಯಾಗಿ ಕಟ್ಕೊಳಿ," ಎಂದಳು ಪವಿತ್ರ.

ಬಿದಿರು ಹೆಣೆದರೆ ಅವನ ನಕಲಾಗುತ್ತದೆ. ನಾನು ಅಟ್ಟದ ಮೇಲಿದ್ದ ಕಂಬಳಿಯನ್ನು ನೆನೆದೆ. ನಮ್ಮದು ಕುರಿ ಕಾಯ್ದ ವಂಶ. ಅಜ್ಜ ಕದಿರಯ್ಯನ ಕಾಲದ ಕರಿ ಕಂಬಳಿ ಅದು. ಕಂಬಳಿ ನೇಯುವವರು ನೂಲಿಗೆ ಹುಣಸೆಬೀಜದ ಗಂಜಿ ಸವರಿ ಬಿರುಸು ಮಾಡುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದೆ. ನೂಲಿಗೇಕೆ, ಇಡೀ ಕಂಬಳಿಗೇ ಸವರಿ, ಕಮಾನಿನಂತೆ ಬಾಗಿಸಿ ಒಣಗಿಸಿದರೆ? ಮಳೆಗಾಲದ ತನಕ ನಿಲ್ಲುವ ನೆರಳು! ಪ್ಲಾಸ್ಟಿಕ್ಕಿಲ್ಲ, ಮೊಳೆಯಿಲ್ಲ, ಪರಮೇಶನಿಲ್ಲ!

ಊರಿನಲ್ಲಿದ್ದ ನನ್ನ ತಾಯಿ ಗಿರಿಯಮ್ಮನಿಗೆ ಫೋನು ಮಾಡಿದೆ.

"ಅವ್ವಾ, ಕಂಬ್ಳಿಗೆ ಹುಣ್ಸೆಬೀಜದ ಗಂಜಿ ಹೆಂಗೆ ಹಾಕೋದು?"

"ಯಾಕ್ಲಾ? ಹೆಂಡ್ತಿ ಮಗ್ಗಕ್ಕೆ ಕೂರ್ಸವ್ಳಾ?"

"ಇಲ್ಲ ಕಣವ್ವ. ನಾನೇ ಒಂದ್ ಕೆಲ್ಸ ಮಾಡ್ತಾ ಇವ್ನಿ."

ಆ ಕಡೆ ಏನೋ ಪಾತ್ರೆ ಕೈಜಾರಿ ಬಿದ್ದ ಸದ್ದಾಯಿತು.

"ನೀನಾ?" ಎಂದಳು ಅವ್ವ. "ಹುಷಾರು ಕಣಪ್ಪ. ಬೀಜ ಹುರ್ದು ಸಿಪ್ಪೆ ತೆಗ್ದು ನೆನೆಹಾಕು. ಬೆಳಿಗ್ಗೆ ರುಬ್ಬಿ ಕಾಯ್ಸು. ಒಂದೀಟೇ ಸವ್ರು. ಜಾಸ್ತಿ ಹಾಕ್ಬುಟ್ಟೀಯ, ಕಂಬ್ಳಿ ಹಲಗೆ ಆಗೋಯ್ತದೆ!"

ಹಲಗೆ! ನನಗೆ ಬೇಕಾಗಿದ್ದೂ ಅದೇ ಅಲ್ಲವೇ! ಡಬ್ಬದಲ್ಲಿದ್ದ ಬೀಜವನ್ನೆಲ್ಲ ಸುರಿದೆ.

ಭಾನುವಾರ ಬೆಳಿಗ್ಗೆ ಮಿಕ್ಸಿ ಗೋಳಾಡುತ್ತ ರುಬ್ಬಿತು. ಪಾಯಸದ ಪಾತ್ರೆಯಲ್ಲಿ ಗಂಜಿ ಕೊತಕೊತ ಕುದಿಯಿತು. ಆರಿದ ಮೇಲೆ ಮೊಣಕೈವರೆಗೆ ಕೈ ಅದ್ದಿ ಕಂಬಳಿಯ ಎರಡೂ ಮಗ್ಗುಲಿಗೆ ಬಳಿದೆ. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು ಉಂಡೆವು. ಪವಿತ್ರ ಸೆರಗು ಸರಿಮಾಡಿಕೊಂಡು ಹೊರಟಳು.

"ಪರಮೇಶಣ್ಣ ಬಿಸ್ಕತ್ತು ಹೇಳ್ಕೊಡ್ತಾರಂತೆ. ಕೆಳಗಿನ್ಮನೆ ಮಂಜಮ್ಮನೂ ಬತ್ತವ್ಳೆ. ಸಾಯಂಕಾಲ ಹಂಗೇ ಟೇಪ್ ಸಮೇತ ಕರ್ಕಂಬರ್ತೀನಿ."

"ಬರ್ಲಿ! ಬಂದು ನೋಡ್ಲಿ!" ಎಂದೆ.

ಈಗ ಒಂದು ಸಣ್ಣ ತೊಡಕು. ಕಮಾನಿನಂತೆ ಒಣಗಬೇಕಾದರೆ ಒಳಗೊಂದು ಅಚ್ಚು ಬೇಕು. ನೀರಿನ ಡ್ರಮ್ಮು ಗಿಡ್ಡವಾಯಿತು. ಕುರ್ಚಿಗೆ ಹೊದಿಸಿದರೆ ಕುರ್ಚಿಯಂತೆಯೇ ಕಂಡಿತು. ಆಗ ಅಜ್ಜ ಕಣ್ಣ ಮುಂದೆ ಬಂದ. ಮಳೆಯಲ್ಲಿ ಕಂಬಳಿಯನ್ನು ಮಡಚಿ, ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಕುರಿಗಳ ನಡುವೆ ಅಲ್ಲಾಡದೆ ಕೂರುತ್ತಿದ್ದ ಅಜ್ಜ! ಎಂಥ ಕಮಾನು! ಎಂಥ ಇಳಿಜಾರು! ಪರಮೇಶನ ಏಳೇಳು ಜನ್ಮಕ್ಕೂ ಹೊಳೆಯದ ಅಚ್ಚು ನನ್ನ ರಕ್ತದಲ್ಲೇ ಇತ್ತು!

ಸ್ಟೂಲು ಹಾಕಿ, ಒದ್ದೆ ಕಂಬಳಿಯ ಕೊಪ್ಪೆ ಹೊದ್ದು, ಒಳಗೆ ಕೈಕಟ್ಟಿ, ಬೆಟ್ಟಕ್ಕೆ ಮುಖ ಮಾಡಿ ಕೂತೆ. ಸ್ವಲ್ಪ ಬಿಗಿದ ಮೇಲೆ ಮೆಲ್ಲಗೆ ಹೊರಬರುವುದು ನನ್ನ ಯೋಜನೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಣ್ಣಗೆ. ಹೊಟ್ಟೆಯಲ್ಲಿ ಮುದ್ದೆ. ಮುಂದಿನದನ್ನು ನೀವೇ ಊಹಿಸಿದಿರಿ!

ಎಚ್ಚರವಾದಾಗ ಮೊದಲು ಮೂಗಿಗೆ ಬಡಿದದ್ದು ಬಿಸ್ಕತ್ತಿನ ಘಮ. ಕೈ ತೆಗೆಯಹೋದೆ. ಬರಲಿಲ್ಲ. ತಲೆ ಎತ್ತಹೋದೆ. ಏಳಲಿಲ್ಲ. ಕಂಬಳಿ ಹಲಗೆಯಾಗಿತ್ತು. ಅವ್ವನ ಮಾತು ಅಕ್ಷರಶಃ ಫಲಿಸಿತ್ತು. ಅಂಗಿ ಕಂಬಳಿಗೆ ಅಂಟಿತ್ತು, ಕೈ ಅಂಗಿಗೆ ಅಂಟಿತ್ತು, ಕಂಬಳಿಯ ಸೆರಗು ಸ್ಟೂಲಿನ ಕಾಲಿಗೆ ಅಂಟಿತ್ತು. ಸ್ಟೂಲಿನ ಸಮೇತ ಕಪ್ಪೆಯಂತೆ ಕುಪ್ಪಳಿಸಿ ಬಾಗಿಲ ತನಕ ಹೋದೆ. ಬಾಗಿಲು ಕಿರಿದು, ನಾನು ಹಿರಿದು! ಮತ್ತೆ ಕುಪ್ಪಳಿಸಿ ಹಿಂದಕ್ಕೆ ಬಂದೆ. ಕಂಬಳಿಯ ತುಪ್ಪಟ ಮೂಗಿನ ತುದಿಯನ್ನು ಚುಚ್ಚತೊಡಗಿತು. ಕೆರೆಯಲು ಬೆರಳಿಲ್ಲ.

ಪಕ್ಕದ ಬಾಲ್ಕನಿಯಲ್ಲಿ ಪಾಠ ನಡೆಯುತ್ತಿತ್ತು. ಒಂದು ಕೂಗು ಹಾಕಿದರೆ ಸಾಕು, ಓಡಿ ಬರುತ್ತಿದ್ದರು. ಯಾರು? ಪರಮೇಶ! ಬಂದು, ನನ್ನ ಬಾಲ್ಕನಿಯಲ್ಲಿ ನಿಂತು, ನನ್ನನ್ನೇ ಕಳಚುತ್ತಿದ್ದ! ತುಟಿ ಕಚ್ಚಿ ಕೂತೆ.

ಅಷ್ಟರಲ್ಲಿ ಅವನೇ ಈ ಕಡೆ ಇಣುಕಿದ. ಅವನಿಗೆ ಕಂಡಿದ್ದು ನನ್ನ ಬೆನ್ನು.

"ಪವಿತ್ರಕ್ಕಾ! ನಿಮ್ ಬಾಲ್ಕನಿಯಾಗೆ ನಿಂತಿರೋದು ಏನಕ್ಕಾ ಅದು? ಕಂಬ್ಳಿದಾ?"

ಗೆಜ್ಜೆಯ ಸದ್ದು. ಎಲ್ಲರೂ ಕಟಾಂಜನಕ್ಕೆ ಬಂದರೆಂದು ತಿಳಿಯಿತು.

"ಅಯ್ಯೋ, ಗುಡಿಸ್ಲು ಇದ್ದಂಗೈತಲ್ಲೇ!" ಇದು ಮಂಜಮ್ಮ.

"ನಮ್ಮನೆಯವ್ರಾ ಮಾಡಿದ್ದು?" ಪವಿತ್ರಳ ದನಿ. ಆ ದನಿಯಲ್ಲಿ ಏನೋ ಇತ್ತು ಸ್ವಾಮಿ! ನಾನು ಈ ಜನ್ಮದಲ್ಲಿ ಕೇಳದ ಏನೋ! "ಒಬ್ರೇ ಮಾಡವ್ರೆ ಪರಮೇಶಣ್ಣ! ಬೆಳಗಿಂದ ಒದ್ದಾಡ್ತಾ ಇದ್ರು ಪಾಪ!"

"ಏನ್ ಬಾಗು ನೋಡ್ರಿ!" ಎಂದ ಪರಮೇಶ್. ದನಿ ಇಳಿದಿತ್ತು. "ಒಳಗೆ ಕಂಬಿ ಇಲ್ಲ, ಕಡ್ಡಿ ಇಲ್ಲ, ಹೆಂಗ್ ನಿಂತೈತೆ? ಯಾವ ಅಚ್ಚು ಇಟ್ರೋ ಏನೋ. ನಂಗಂತೂ ಹೊಳೀತಿರ್ಲಿಲ್ಲ ಕಣಕ್ಕ."

ಹೊಟ್ಟೆಕಿಚ್ಚು! ಪರಮೇಶನಿಗೆ! ನನ್ನ ಮೇಲೆ! ಕಂಬಳಿಯೊಳಗೆ ನನಗೆ ರೋಮಾಂಚನವಾಯಿತು. ಏಳಲು ಜಾಗವಿಲ್ಲದೆ ಕೂದಲು ಹಾಗೇ ಮಲಗಿದವು. ದೇವರೇ, ಇವರು ಒಳಗೆ ಹೋಗುವ ತನಕ ಹೀಗೇ ಇಟ್ಟುಬಿಡು ಎಂದು ಬೇಡಿದೆ.

ಆದರೆ ಅಜ್ಜನ ಕುರಿಯ ತುಪ್ಪಟಕ್ಕೆ ಕರುಣೆಯಿಲ್ಲ. ಮೂಗು ಅದುರಿತು. ಉಸಿರು ಬಿಗಿಹಿಡಿದೆ. ಕಣ್ಣಲ್ಲಿ ನೀರು ಬಂತು. ಬೆಟ್ಟವೇ ಮಸುಕಾಯಿತು.

"ಆಆ... ಕ್ಷೀ!"

ಗುಡಿಸಲು ಸೀನಿತು! ಸೀನಿ, ಸ್ಟೂಲಿನ ಸಮೇತ ಒಂದು ಗೇಣು ಮುಂದಕ್ಕೆ ಜಿಗಿಯಿತು. ಮಂಜಮ್ಮ ಕಿರುಚಿದ ಸದ್ದಿಗೆ ಬೆಟ್ಟ ಮರುದನಿ ಕೊಟ್ಟಿತು. ಆಮೇಲೆ ಬಾಗಿಲ ಬೀಗ, ಓಡುವ ಹೆಜ್ಜೆ, ಕೊನೆಗೆ ನನ್ನ ಕೊಪ್ಪೆಯ ಬಾಯಲ್ಲಿ ಪವಿತ್ರಳ ಮುಖ. ಅವಳು ಆಂಧ್ರದ ಗಡಿಯ ತಿರುಮಣಿಯವಳು. ಸಾಮಾನ್ಯ ಸಿಟ್ಟಿಗೆ ಕನ್ನಡ, ಭಾರಿ ಸಿಟ್ಟಿಗೆ ತೆಲುಗು.

"ಅಯ್ಯೋ ದೇವುಡಾ! ಇದೇಮಿ ಅವತಾರಮು!"

ಪರಮೇಶ್ ಮಾತ್ರ ನಗಲಿಲ್ಲ. ಅದೇ ಇನ್ನೂ ನೋವು! ಬಿಸಿನೀರು ತರಿಸಿ ಅಂಚಿಗೆ ಹಾಕಿದ. ಕತ್ತರಿಯಿಂದ ನನ್ನ ಅಂಗಿಯನ್ನು ಬೆನ್ನುದ್ದಕ್ಕೂ ಸೀಳಿದ. ಕಂಬಳಿಯನ್ನು ಗಡಿಗೆಯ ಮುಚ್ಚಳದಂತೆ ಮೇಲಕ್ಕೆತ್ತಿ, ಚೂರೂ ಬಾಗು ಕೆಡದಂತೆ ಪಕ್ಕಕ್ಕಿಟ್ಟ. ಜೇಬಿನಿಂದ ಟೇಪು ತೆಗೆದ. ಬಾಲ್ಕನಿಯನ್ನು ಉದ್ದ ಅಳೆದ, ಅಗಲ ಅಳೆದ. ಸರಳಿಗೆ ತಂತಿ ಬಿಗಿದು, ನನ್ನ ಕಮಾನನ್ನು ತುಳಸಿಯ ಮೇಲೆ ನೇತುಹಾಕಿದ. ಅವನ ಕೈ ಸೋಕದ ಒಂದು ಅಂಗುಲ ಜಾಗ ಆ ಬಾಲ್ಕನಿಯಲ್ಲಿ ಉಳಿಯಲಿಲ್ಲ. ಕೊನೆಗೆ ಕೊಬ್ಬರಿ ಎಣ್ಣೆ ತಂದು, ಬನಿಯನ್ನಿನಲ್ಲಿ ಕೂತಿದ್ದ ನನ್ನ ತೋಳಿನಿಂದ ಒಣಗಿದ ಗಂಜಿಯನ್ನು ತಾನೇ ಉಜ್ಜಿ ಬಿಡಿಸತೊಡಗಿದ. ಪವಿತ್ರ ನನ್ನ ಬಾಯಿಗೆ ಒಂದು ಬಿಸ್ಕತ್ತು ತುರುಕಿದಳು.

"ಅಲ್ಲಾ ಮೂರ್ತಿ ಸಾರ್," ಎಂದ ಪರಮೇಶ್, ನಿಜವಾದ ಮರುಕದಿಂದ, "ಅಷ್ಟೊತ್ತಿಂದ ಒಳಗೆ ಸಿಕ್ಕಾಕ್ಕೊಂಡಿದ್ರಿ, ನಾನು ಇಲ್ಲೇ ಗೋಡೆ ಪಕ್ಕದಾಗೆ ಇದ್ದೆ. ಒಂದ್ ಕೂಗು ಹಾಕ್ಬಾರ್ದಿತ್ತಾ?"

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಮ್ಮಜ್ಜನ ತಪಸ್ಸು, ಕುರಿ ಕಾಯ್ದವರ ಸಹನೆ, ಪ್ರಯೋಗಕ್ಕೆ ಮೈಯನ್ನೇ ಅರ್ಪಿಸಿದ ಸಾಹಸ, ಎಂಥೆಂಥ ಮಾತುಗಳು ನಾಲಿಗೆಯ ತುದಿಗೆ ಬಂದವು! ಬಿಸ್ಕತ್ತು ನುಂಗಿದೆ.

"ಕೂಗಿದ್ರೆ ನೀವು ಬಂದ್ಬುಡ್ತಿದ್ರಿ," ಎಂದೆ.